ಮೂರನೆಯ ಗಂಟು

“ಮೂರನೇ ಗಂಟು ಹಾಕಬ್ಯಾಡ, ಮಗಳ. ಎರಡಕ್ಕ ನಿಲ್ಲಸು. ಹಾಕಿದ ಎರಡೂ ಬಿಚ್ಚಿ, ಗೊಂಬಿ ಸುಟ್ಟು, ಆಮ್ಯಾಲೆ ಮನೀಗೆ ಹೋಗು.”

ಶಿವದೇವಿ ಹೀಗೆಂದಾಗ ಮಂದಾಕಿನಿ ಬಿದ್ದು ಬಿದ್ದು ನಕ್ಕಳು. ನಗುವುದಕ್ಕೆ ಅಲ್ಲಿ ಏನಿತ್ತು ಎಂದು ಈಗ ಅವಳನ್ನೇ ಕೇಳಬೇಕು. ಕೇಳಿದರೂ ಉತ್ತರ ಬರುವುದಿಲ್ಲ, ಆ ಮಾತು ಬೇರೆ.

ಅದು ಗಚ್ಚಿಬೌಲಿಯ ಬಂಡೆಗಳ ನಡುವೆ ಯಾರೋ ಕಟ್ಟಿಸಿ ಬಿಟ್ಟುಹೋದ ಗೋದಾಮು. ಹೊರಗೆ ಡಿಸೆಂಬರಿನ ಮಟಮಟ ಮಧ್ಯಾಹ್ನ. ಒಳಗೆ ಕಿಟಕಿ, ಬಾಗಿಲು, ಸೂರಿನ ತೂತು ಎಲ್ಲಕ್ಕೂ ಕಪ್ಪು ಬಟ್ಟೆ ಬಡಿದು ಸಿನಿಮಾ ಕೋರ್ಸಿನ ಹುಡುಗರು ಕೈಯಾರೆ ರಾತ್ರಿ ಮಾಡಿದ್ದರು. ಬಾವಲಿಯ ಹಿಕ್ಕೆಯ ಘಾಟು, ಹಳೆಯ ಸಿಮೆಂಟಿನ ಧೂಳು, ಮೇಲೆ ಕರ್ಪೂರದ ಹೊಗೆ. ಒಂದೇ ಒಂದು ದೀಪ, ಅದೂ ಶಿವದೇವಿಯ ಗದ್ದದ ಕೆಳಗೆ. ಎಪ್ಪತ್ತು ದಾಟಿದ ಆ ಮುಖದ ಸುಕ್ಕುಗಳಲ್ಲಿ ನೆರಳು ತುಂಬಿಕೊಂಡಿತ್ತು.

ಶಿವದೇವಿ ಒಂದು ಕಾಲಕ್ಕೆ ರಾಯಚೂರು ಸೀಮೆಯ ನಾಟಕ ಕಂಪನಿಗಳಲ್ಲಿ ಮಾಟಗಾತಿಯ ಪಾತ್ರಕ್ಕೇ ಹೆಸರಾದವಳು. ಈಗ ಕೂಕಟ್‌ಪಲ್ಲಿಯಲ್ಲಿ ಮಗಳ ಫ್ಲಾಟಿನಲ್ಲಿ ಟೀವಿ ನೋಡುತ್ತ, ಟೀವಿಯ ನಟಿಯರನ್ನು ಬೈಯುತ್ತ ಕಾಲ ಕಳೆಯುತ್ತಿದ್ದಳು. ಹುಡುಗರು ಹೋಗಿ ಕರೆದಾಗ ಮೊದಲು ಮೂಗು ಮುರಿದಳು. ಆಮೇಲೆ ಕಾಡಿಗೆ ಹಚ್ಚಿಕೊಂಡು ಅವರಿಗಿಂತ ಮುಂಚೆ ತಯಾರಾಗಿ ಕೂತಳು.

“ಬಿಚ್ಚೂ ಸೀನು ನಮ್ಮ ಸಿನಿಮಾದಾಗ ಇಲ್ಲರಿ ಶಿವದೇವಮ್ಮಾ,” ಎಂದಳು ಮಂದಾಕಿನಿ ನಗು ತಡೆದುಕೊಂಡು. “ನಮ್ಮದು ಬರೇ ಓಪನಿಂಗ್. ಸಿನಿಮಾದ ಮೊದಲಿನ ಎರಡು ನಿಮಿಷ, ಅಷ್ಟ.”

“ಮುಂದಿಂದು?”

“ಮುಂದಿಂದು ಇಲ್ಲ.”

“ಮುಚ್ಚದಂಗ ತೆಗಿಯೂದು ಇದೆಂಥಾ ಆಟವ್ವಾ?” ಶಿವದೇವಿಯ ದನಿ ಏರಿತು. “ನಮ್ಮ ಕಂಪನ್ಯಾಗ ಮಾಟದ ಸೀನು ಇದ್ದ ದಿನ ಗೊಂಬಿ ಬಿಚ್ಚಲಾರದ ಪರದೆ ಬೀಳಸ್ತಿದ್ದಿಲ್ಲ. ಮೂರನೇ ಮಾತು ನಾಲಿಗಿ ಮ್ಯಾಲೆ ತರತಿದ್ದಿಲ್ಲ. ಮತ್ತ ಆ ಗೊಂಬಿಗೆ ಕಟ್ಟಿದ್ದು ಯಾರ ಬಟ್ಟಿ? ಯಾರರೆ ಉಟ್ಟದ್ದು, ತೊಟ್ಟದ್ದು ಅಲ್ಲ ಹೌದಿಲ್ಲೋ?”

“ಅಂಗಡಿದು,” ಎಂದಳು ಮಂದಾಕಿನಿ.

ಸುಳ್ಳು. ಆ ತಿಳಿನೀಲಿ ಬಟ್ಟೆ ಜಯತೀರ್ಥ ಸರ್ ಅವರ ಕರವಸ್ತ್ರ.

ಜಯತೀರ್ಥ ಸರ್ ಬಗ್ಗೆ ಹೇಳಿಬಿಡಬೇಕು. ಹೇಳದಿದ್ದರೆ ನನ್ನ ಹೊಟ್ಟೆಯ ಉರಿಯೂ ಆರುವುದಿಲ್ಲ. ಮಂದಾಕಿನಿ ಆ ಜೂನ್‌ನಲ್ಲಿ ರಾಯಚೂರಿನಿಂದ ಬಂದು ಸೇರಿದ್ದ ಸಿನಿಮಾ ಕೋರ್ಸಿಗೆ ಈತ ಮುಖ್ಯ ಮೇಷ್ಟ್ರು. ಅಪ್ಪಟ ಕನ್ನಡದ ಮನೆಯ ಮನುಷ್ಯ, ಆದರೆ ಕ್ಲಾಸಿನಲ್ಲಿ ಕನ್ನಡ ಕೇಳಿದರೆ ಮೈಮೇಲೆ ಹಲ್ಲಿ ಬಿದ್ದವರ ಹಾಗೆ ಆಡುವವನು. ಒಂದು ವಾಕ್ಯ ಇಂಗ್ಲಿಷು, ಒಂದು ವಾಕ್ಯ ತೆಲುಗು, ನಡುನಡುವೆ ಆ ನೀಲಿ ಕರವಸ್ತ್ರದಿಂದ ತುಟಿ ಒತ್ತಿಕೊಳ್ಳುವುದು. ಮಂದಾಕಿನಿ ಎರಡು ತಿಂಗಳು ಕೂತು ಒಂದು ಇಡೀ ಚಿತ್ರ ಬರೆದಿದ್ದಳು: ಬಾಯಿ ಕಟ್ಟುವ ಮಾಟದಿಂದ ಶುರುವಾಗಿ, ಆ ಗಂಟು ಬಿಚ್ಚುವಲ್ಲಿ ಮುಗಿಯುವ ಕತೆ. ಶಾಟ್ ಶಾಟಿಗೂ ಚಿತ್ರ ಬಿಡಿಸಿದ್ದಳು. ಸರ್ ಹಾಳೆ ಮಗುಚಿದರು. ಮೊದಲ ನಾಲ್ಕು ಹಾಳೆ ಇಟ್ಟುಕೊಂಡು ಉಳಿದ ಕಟ್ಟನ್ನು ಬುಟ್ಟಿಗೆ ಬಿಟ್ಟರು.

“ಓಪನಿಂಗ್ ಸಾಕು. ಇಡೀ ಸಿನಿಮಾ ನಿಮ್ಮ ಕೈಲಿ ಆಗೋ ಮಾತಲ್ಲ. ಡೈರೆಕ್ಷನ್ ನನ್ನ ಹೆಸರಲ್ಲಿರಲಿ, ಹೊರಗೆ ಕಳಿಸೋಕೆ ಅನುಕೂಲ. ನೀನು ಊಟ-ತಿಂಡಿ, ಬಟ್ಟೆ-ಬರೆ ನೋಡಿಕೋ ಅಮ್ಮಾ.” ಆಮೇಲೆ ಇಡೀ ಕ್ಲಾಸಿನ ಕಡೆ ತಿರುಗಿ, “ಈ ರಾಯಚೂರು ಬಾಯಿಂದ ಮಾತ್ರ ಡೈಲಾಗ್ ಹೇಳಿಸಬೇಡಿ!”

ಎಲ್ಲರೂ ನಕ್ಕರು. ಅಂದು ಸಂಜೆ ಸರ್ ಮೇಜಿನ ಮೇಲೆ ಮರೆತುಹೋದ ಕರವಸ್ತ್ರವನ್ನು ಮಂದಾಕಿನಿ ಚೀಲಕ್ಕೆ ಹಾಕಿಕೊಂಡಳು. ಮಾಟ ಗೀಟ ಎಂದರೆ ಅವಳಿಗೆ ಕಿಲುಬು ಕಾಸಿನ ನಂಬಿಕೆ ಇರಲಿಲ್ಲ. ನಂಬಿಕೆಯೇ ಇಲ್ಲದವಳಿಗೆ ಅವನ ಬಾಯಿ ಒರೆಸಿದ ಬಟ್ಟೆಯೇ ಯಾಕೆ ಬೇಕಿತ್ತು? ಅಂಗಡಿಯಲ್ಲಿ ನೀಲಿ ಬಟ್ಟೆಗೆ ಬರವಿತ್ತೇ? ಬುದ್ಧಿ ನಂಬದಿದ್ದುದನ್ನು ಸಿಟ್ಟು ನಂಬಿತ್ತು.

ಹೆಸರು ಸರ್ ಅವರದಾದರೂ ಶೂಟಿಂಗಿಗೆ ಅವರು ಕಾಲಿಡಲಿಲ್ಲ, ಮಾಡಿಸುವವಳು ಮಂದಾಕಿನಿಯೇ. ಕ್ಯಾಮೆರಾ ತಿರುಗಿತು. ಚಿಂದಿಯ ಗೊಂಬೆ, ಅದರ ಬಾಯಿಗೆ ನೀಲಿ ಪಟ್ಟಿ, ಪಟ್ಟಿಯ ಮೇಲೆ ಕರಿ ದಾರ. ಶಿವದೇವಿ ಒಮ್ಮೆ ಮಸೂರದ ಕಡೆ ನೋಡಿದಳು. ಅಷ್ಟು ಹತ್ತಿರಕ್ಕೆ ಅವಳ ಮುಖವನ್ನು ಯಾರೂ ನೋಡಿರಲಿಲ್ಲ. ನಾಟಕದಲ್ಲಿ ಹಿಂದಿನ ಸಾಲಿನವರಿಗೆ ಅವಳ ಕಣ್ಣೇ ಕಾಣುತ್ತಿರಲಿಲ್ಲ. ಆ ಆಸೆಗೇ ಅವಳು ಎದ್ದುಹೋಗದೆ ಕೂತಳು.

“ಆಡೋ ಬಾಯಿ ಕಟ್ಟೀನಿ.” ಒಂದು ಗಂಟು.

“ಉಣ್ಣೋ ಬಾಯಿ ಕಟ್ಟೀನಿ.” ಎರಡು.

ಅಲ್ಲಿಗೆ ನಿಂತಳು. ಮಂದಾಕಿನಿ ಕೈಸನ್ನೆ ಮಾಡಿದಳು, ಹಲ್ಲು ಕಚ್ಚಿದಳು, “ಮುಂದಿಂದು!” ಎಂದು ಚೀರಿದಳು. ಶಿವದೇವಿ ಅವಳನ್ನೇ ನೋಡುತ್ತ ಎರಡೂ ಗಂಟು ಬಿಚ್ಚಿದಳು, ಗೊಂಬೆಯನ್ನು ಕರ್ಪೂರದ ಮೇಲೆ ಇಟ್ಟಳು. ಚಿಂದಿ ಭಗ್ಗೆಂದಿತು. ಸರ್ ಅವರ ಕರವಸ್ತ್ರವೂ ಅದರೊಂದಿಗೆ ಬೂದಿಯಾಯಿತು.

“ಹಾಳ ಮಾಡಿದ್ರಿ! ಇಡೀ ದಿನ ಹಾಳ ಮಾಡಿದ್ರಿ ಮುದುಕಿ!”

“ಹಾಳಾಗೂದು ಇವತ್ತಿನ ಒಂದು ದಿನ ಅಷ್ಟ ಆಗಲಿ,” ಎಂದು ಶಿವದೇವಿ ಸೆರಗು ಕೊಡವಿಕೊಂಡು ಎದ್ದಳು. ಮತ್ತೆ ಕರೆದರೂ ಬರಲಿಲ್ಲ.

ಎಡಿಟಿಂಗ್ ಕೋಣೆಯಲ್ಲಿ ನೋಡಿದರೆ ಮುದುಕಿಯ ಮುಖದ ಶಾಟುಗಳು ಒಂದಕ್ಕಿಂತ ಒಂದು ಚೆನ್ನಾಗಿ ಬಂದಿದ್ದವು. ಬೇಕಾಗಿದ್ದು ಗಂಟಿನ ಕ್ಲೋಸಪ್ ಮಾತ್ರ. ಕ್ಲೋಸಪ್ಪಿನಲ್ಲಿ ಕೈ ಅಷ್ಟೇ ಕಾಣುವುದು. ಅದಕ್ಕೆ ಯಾರ ಕೈಯಾದರೂ ಆದೀತು. ಮಂದಾಕಿನಿ ತನ್ನ ಕೈಗೇ ಬೂದಿ ಬಳಿದುಕೊಳ್ಳಲು ತಯಾರಾದಳು. ಕಷ್ಟ ಬಂದದ್ದು ಬಟ್ಟೆಯದು. ದೂರದ ಶಾಟಿನಲ್ಲಿ ಒಂದು ನೀಲಿ, ಹತ್ತಿರದಲ್ಲಿ ಇನ್ನೊಂದು ನೀಲಿ ಇದ್ದರೆ ನೋಡುವವರು ಹಿಡಿದುಬಿಡುತ್ತಾರೆ. ಸುಲ್ತಾನ್ ಬಜಾರಿನಿಂದ ತಂದ ಯಾವ ತುಂಡೂ ಪರದೆಯ ಮೇಲೆ ಹೊಂದಲಿಲ್ಲ.

ಹೊಂದಿದ್ದು ಮನೆಯಲ್ಲಿತ್ತು.

ಮನೆ ಎಂದರೆ ಮಾವಶಿಯ ಮನೆ, ನಾಂಪಲ್ಲಿ ಸ್ಟೇಷನ್ನಿನ ಹಿಂದಿನ ಗಲ್ಲಿಯ ಎರಡು ಕೋಣೆ. ಮಂದಾಕಿನಿಯ ತಾಯಿಯ ತಂಗಿ ಗೋದಾವರಿ ಸ್ಟೇಷನ್ನಿನಲ್ಲಿ ಗಾಡಿಗಳ ಸುದ್ದಿ ಹೇಳುವವಳು. ಎಷ್ಟೋ ಸೂಚನೆಗಳು ಈಗ ಯಂತ್ರದಿಂದ ಬರುತ್ತಿದ್ದರೂ ಗಾಡಿ ತಡವಾದರೆ, ಪ್ಲಾಟ್‌ಫಾರ್ಮು ಬದಲಾದರೆ, ಮಗು ತಪ್ಪಿಸಿಕೊಂಡರೆ ಇವಳೇ ಮೈಕಿನ ಮುಂದೆ ಕೂರಬೇಕು. ತೆಲುಗು, ಹಿಂದಿ, ಇಂಗ್ಲಿಷು ಮೂರರಲ್ಲೂ ಅವಳ ದನಿ ತಣ್ಣಗೆ, ನಿಧಾನಕ್ಕೆ ಇಳಿಯುತ್ತಿತ್ತು. ಗಂಡ ತೀರಿಕೊಂಡ ಮೇಲೆ ಆ ದನಿಯೇ ಅವಳಿಗೆ ಅನ್ನ ಹಾಕಿತ್ತು, ಅಕ್ಕನ ಮಗಳ ಫೀಜನ್ನೂ ಕಟ್ಟಿತ್ತು.

ಅವಳ ಹಳೆಯ ತಿಳಿನೀಲಿ ಸೀರೆ ಗೂಟದ ಮೇಲೆ ಇತ್ತು. ಮಂದಾಕಿನಿ ಸೆರಗಿನ ತುದಿಯನ್ನು ಬೆಳಕಿಗೆ ಹಿಡಿದು ನೋಡಿದಳು: ಅದೇ ಬಣ್ಣ. ಮಾವಶಿ ಊಟವಾದ ಮೇಲೆ ಬಾಯಿ ಒರೆಸಿಕೊಳ್ಳುವ ತುದಿ. ಅದರಲ್ಲಿ ಎಲೆಯಡಿಕೆ, ಕೊಬ್ಬರಿ ಎಣ್ಣೆ, ಚಂದನದ ಸಾಬೂನು ಎಲ್ಲದರ ವಾಸನೆ ಇತ್ತು. ಒಂದು ಗೇಣು ಹರಿದಳು. ಅದು ಹರಿಯುವ ಸದ್ದಿಗೆ ಪಕ್ಕದ ಕೋಣೆಯಿಂದ ಮಾವಶಿ ಕೇಳಿದಳು, “ಏನಾತ?”

“ಏನಿಲ್ಲ ಮಾವಶಿ, ಒರಸ್ಲಿಕ್ಕೆ ಅರಿವಿ.”

ಮರುದಿನ ಮತ್ತೆ ಅದೇ ಗೋದಾಮು, ಅದೇ ಕೈಯಾರೆ ಮಾಡಿದ ಕತ್ತಲೆ. ಜೊತೆಗೆ ಕ್ಯಾಮೆರಾ ಹಿಡಿಯುವ ಸಹಪಾಠಿ ವೈಜನಾಥ ಒಬ್ಬನೇ. ಮಂದಾಕಿನಿ ಹೊಸ ಗೊಂಬೆಗೆ ನೀಲಿ ಪಟ್ಟಿ ಸುತ್ತಿದಳು. ಮೈಕು ತುಟಿಯ ಹತ್ತಿರ ಎಳೆದುಕೊಂಡಳು. ರಾಯಚೂರು ಬಾಯಿಯಿಂದ ಹೇಳಿಸಬೇಡಿ ಎಂದನಲ್ಲ, ಕೇಳಲಿ ಈಗ! ಕಣ್ಣ ಮುಂದೆ ಆತನ ತುಟಿ, ಆತನ ನಗು, ಬುಟ್ಟಿಗೆ ಬಿದ್ದ ತನ್ನ ಹಾಳೆಗಳು. ನಟನೆ ಎಲ್ಲಿಯದು, ಅವಳು ಮೈಯೆಲ್ಲ ಉರಿದುಕೊಂಡು ಹೇಳಿದಳು.

“ಆಡೋ ಬಾಯಿ ಕಟ್ಟೀನಿ. ಉಣ್ಣೋ ಬಾಯಿ ಕಟ್ಟೀನಿ. ಕುಡಿಯೋ ಬಾಯಿ ಕಟ್ಟೀನಿ.”

ಮೂರನೆಯ ಗಂಟು ಬೀಳುವಾಗ ದಾರ ಸರ್ರೆಂದು ತನ್ನಷ್ಟಕ್ಕೆ ಬಿಗಿದುಕೊಂಡಿತು. ಅವಳ ಬೆರಳು ಬಿಟ್ಟಮೇಲೂ ಬಿಗಿದುಕೊಂಡಿತು. ದೀಪ ಆರಿತು. ಕತ್ತಲಲ್ಲಿ ಎಲೆಯಡಿಕೆಯ ವಾಸನೆ ಗಪ್ಪೆಂದು ಹರಡಿತು.

“ಬಲ್ಬ್ ಹೋತು,” ಎಂದ ವೈಜನಾಥ. “ಶಾಟ್ ಸಿಕ್ಕದ. ನಡಿ, ಹೋಗೂಣು.”

ಗೊಂಬೆಯನ್ನು ಯಾರೂ ಬಿಚ್ಚಲಿಲ್ಲ. ಅದು ಸಾಮಾನಿನ ಪೆಟ್ಟಿಗೆ ಸೇರಿ ಕಾಲೇಜಿನ ಕಪಾಟಿಗೆ ಹೋಯಿತು.

ತಿಂಗಳ ಕೊನೆಯಲ್ಲಿ ಕಾಲೇಜಿನ ಸಭಾಂಗಣದಲ್ಲಿ ಮೊದಲ ಪ್ರದರ್ಶನ. ‘ನಿರ್ದೇಶನ: ಜಯತೀರ್ಥ’ ಎಂದು ದೊಡ್ಡಕ್ಷರದಲ್ಲಿ ಬಂತು. ಮಂದಾಕಿನಿಯ ಹೆಸರು ಊಟ-ತಿಂಡಿಯವರ ಸಾಲಿನಲ್ಲಿ ಓಡಿಹೋಯಿತು. ಆದರೆ ಗಂಟು ಬೀಳುವಾಗ ಸಭೆಯಲ್ಲಿ ಒಬ್ಬರೂ ಉಸಿರಾಡಲಿಲ್ಲ. ಸರ್ ಮೊದಲ ಸಾಲಿನಲ್ಲಿ ಕೂತು ಹೊಸ ಕರವಸ್ತ್ರದಿಂದ ತುಟಿ ಒತ್ತಿಕೊಂಡು ನಕ್ಕರು. ಅವರಿಗೇನೂ ಆಗಲಿಲ್ಲ. ಮಂದಾಕಿನಿಗೆ ಒಳಗೊಳಗೇ ನಿರಾಸೆಯಾಯಿತು.

ಅದೇ ಹೊತ್ತಿಗೆ ನಾಂಪಲ್ಲಿಯಲ್ಲಿ ಮಾವಶಿ ತಡವಾದ ಗಾಡಿಯೊಂದರ ಸುದ್ದಿ ಹೇಳುತ್ತಿದ್ದಳು. ತೆಲುಗಿನಲ್ಲಿ ಹೇಳಿದಳು. ಹಿಂದಿಯಲ್ಲಿ ಅರ್ಧ ಹೇಳಿದಳು. ಆಮೇಲೆ ಇಡೀ ಸ್ಟೇಷನ್ನಿಗೆ ಕೇಳಿಸಿದ್ದು ಉಸಿರು ಮಾತ್ರ.

ಮಂದಾಕಿನಿ ಮನೆಗೆ ಬಂದಾಗ ಅವಳು ಹಾಸಿಗೆಯ ಮೇಲೆ ಕೂತು ಗಂಟಲು ಹಿಡಿದುಕೊಂಡಿದ್ದಳು. ಡಾಕ್ಟರು ಥಂಡಿ ಎಂದರು. ಮಂದಾಕಿನಿಯೂ ಥಂಡಿ ಎಂದುಕೊಂಡಳು. ಬಿಸಿನೀರು, ಅರಿಷಿಣದ ಹಾಲು, ಗುಳಿಗೆ. ಮಾತು ಮಾತ್ರ ಬರಲಿಲ್ಲ.

ಈ ನಡುವೆ ಡಿವಿಡಿಗಳು ಹಂಚಿಹೋದವು. ಒಂದು ಕಟ್ಟು ಬೇರೆ ಕಾಲೇಜುಗಳಿಗೆ, ಒಂದಷ್ಟು ಗೆಳೆಯರಿಗೆ, ಒಂದಷ್ಟು ಸರ್ ಅವರ ಪರಿಚಯದ ಪತ್ರಕರ್ತರಿಗೆ. ಕವರು ಹಚ್ಚುವ ಕೆಲಸವೂ ಊಟ-ತಿಂಡಿಯವಳದೇ. ಅವಳು ಒಂದೊಂದೇ ಡಿವಿಡಿಯನ್ನು ಹಾಕಿ, ಮೂರು ಗಂಟೂ ಬೀಳುವವರೆಗೆ ನೋಡಿ, ತೆಗೆದು ಪ್ಯಾಕು ಮಾಡುತ್ತಿದ್ದಳು. ಎಲ್ಲವೂ ಮನೆಯಲ್ಲೇ, ಮಾವಶಿ ಮಲಗಿದ್ದ ಕೋಣೆಯ ಪಕ್ಕದಲ್ಲಿ. ಅವಳಿಗೆ ಆಗಲೂ ಹೊಳೆಯಲಿಲ್ಲ, ನೋಡಿ. ಮಾವಶಿಗೆ ರೊಟ್ಟಿ ಅಗಿಯಲು ಆಗದಾಯಿತು. ಆಮೇಲೆ ಅನ್ನ. ಆಮೇಲೆ ಗಂಜಿಯೂ ಹಲ್ಲಿನ ಸಂದಿಯಿಂದ ಹೊರಗೇ ಬಂತು. ದವಡೆ ಕಚ್ಚಿಕೊಂಡಿತ್ತು. ನೀರು ಮಾತ್ರ ಸೀಪಿ ಸೀಪಿ ಕುಡಿಯುತ್ತಿದ್ದಳು.

ಜನವರಿ ಬಂತು. ನಾಂಪಲ್ಲಿಯ ವರ್ಷಾವಧಿ ವಸ್ತುಪ್ರದರ್ಶನ, ನುಮಾಯಿಷ್, ತೆರೆಯಿತು. ಕಾಲೇಜಿನ ಮಳಿಗೆಯಲ್ಲಿ ಸರ್ ಒಂದು ದೊಡ್ಡ ಟೀವಿ ಇಟ್ಟು, ಈ ಎರಡು ನಿಮಿಷವನ್ನು ನಿಲ್ಲದಂತೆ ಮರಳಿ ಮರಳಿ ತಿರುಗುವ ಹಾಗೆ ಹಾಕಿಸಿದರು. ಮಧ್ಯಾಹ್ನದಿಂದ ಜನ ಮುಗಿಯುವವರೆಗೆ ಅದು ಮುಗಿಯುತ್ತಿತ್ತು, ಶುರುವಾಗುತ್ತಿತ್ತು, ಮುಗಿಯುತ್ತಿತ್ತು.

ಆ ಮೊದಲ ದಿನವೇ ಸಂಜೆ ಮಾವಶಿ ಲೋಟ ಎತ್ತಿದಳು, ನೀರು ತುಟಿಗೆ ತಾಗಿತು, ಒಳಗೆ ಹೋಗಲಿಲ್ಲ. ಗದ್ದದ ಮೇಲೆ ಹರಿದು ಕುಪ್ಪಸ ತೋಯ್ದಿತು. ಮಂದಾಕಿನಿ ಚಮಚದ ಹಿಡಿಯಿಂದ ತುಟಿ ಬಿಡಿಸಲು ನೋಡಿದಳು. ತುಟಿಗಳ ನಡುವೆ ಸಂದಿಯೇ ಇರಲಿಲ್ಲ. ಚರ್ಮ ಕೂಡಿಕೊಂಡಿರಲಿಲ್ಲ, ಗಾಯವಿರಲಿಲ್ಲ, ಸುಮ್ಮನೆ ಬಾಯಿ ಮುಚ್ಚಿತ್ತು. ಡಾಕ್ಟರು ಬಂದು ಕೈಗೆ ಸಲೈನು ಹಚ್ಚಿದರು. ಹನಿ ಬಾಟಲಿಯಲ್ಲೇ ನಿಂತಿತು. ಸೂಜಿ ಬದಲಿಸಿದರು, ಕೈ ಬದಲಿಸಿದರು. ಹನಿ ಇಳಿಯಲಿಲ್ಲ. ಅವರು ಕನ್ನಡಕ ತೆಗೆದು ಒರೆಸಿಕೊಂಡು, ದೊಡ್ಡಾಸ್ಪತ್ರೆಗೆ ಒಯ್ಯಿರಿ ಎಂದು ಹೇಳಿ ಹೋದರು.

ಮಾವಶಿಗೆ ಚಳಿ ಹತ್ತಿತು. ಗೂಟದ ಮೇಲಿದ್ದ ಹಳೆಯ ನೀಲಿ ಸೀರೆ ಎಳೆದು ಹೊದ್ದುಕೊಂಡಳು. ಒದ್ದೆ ಗದ್ದ ಒರೆಸಿಕೊಳ್ಳಲು ಸೆರಗಿನ ತುದಿ ಹುಡುಕಿದಳು. ತುದಿ ಇರಲಿಲ್ಲ. ಹರಿದ ಅಂಚಿನ ನೂಲುಗಳು ಅವಳ ಮುಚ್ಚಿದ ಬಾಯಿಯ ಮೇಲೆ ಜೋತಾಡಿದವು. ಅವಳು ಆ ಅಂಚನ್ನು ನೋಡಿದಳು, ಆಮೇಲೆ ಮಂದಾಕಿನಿಯನ್ನು ನೋಡಿದಳು.

ಮಂದಾಕಿನಿ ಆ ಅಂಚಿಗೆ ಕೈ ಹಚ್ಚಿದಳು. ಆಗ ಹೊಳೆಯಿತು. ಆಡೋ ಬಾಯಿ. ಉಣ್ಣೋ ಬಾಯಿ. ಈಗ ಕುಡಿಯೋ ಬಾಯಿ. ಆ ಎರಡು ನಿಮಿಷ ತಿರುಗಿದಷ್ಟೂ ಗಂಟು ಬಿಗಿಯುತ್ತ ಬಂದಿತ್ತು.

ಪಕ್ಕದ ಮನೆಯವರನ್ನು ಮಾವಶಿಯ ಹತ್ತಿರ ಕೂರಿಸಿ ಓಡಿದಳು. ನುಮಾಯಿಷ್‌ನ ಗದ್ದಲ, ಮಿರ್ಚಿಯ ಘಾಟು, ತೊಟ್ಟಿಲ ಚಕ್ರದಿಂದ ಕಿರುಚುವ ಹುಡುಗಿಯರು. ಆ ಎಲ್ಲ ಸದ್ದಿನ ಮೇಲೆ ತನ್ನದೇ ದನಿ ಅವಳಿಗೆ ಕೇಳಿಸಿತು. ಕಟ್ಟೀನಿ. ಕಟ್ಟೀನಿ. ಕಟ್ಟೀನಿ. ಮಳಿಗೆಯ ಮುಂದೆ ಜನ ಮುಕುರಿದ್ದರು.

“ಸರ್, ಬಂದ್ ಮಾಡ್ರಿ ಇದನ್ನ! ನಮ್ಮ ಮಾವಶಿ ಸಾಯ್ಲಿಕ್ಕತ್ತಾಳ!”

“ಪಿಚ್ಚಾ ನೀಕು? ಹುಚ್ಚು ಹಿಡಿದಿದೆಯಾ? ನೋಡು ಎಷ್ಟು ಜನ ನಿಂತಿದ್ದಾರೆ.”

“ಗಂಟು ಖರೇನ ಬಿದ್ದದರೀ ಸರ್!”

ಸರ್ ಸುತ್ತಲಿನವರಿಗೆ ಕೇಳುವಂತೆ ನಕ್ಕರು. “ಕೇಳಿದಿರಾ? ನನ್ನ ಸಿನಿಮಾ ಇಷ್ಟು ಹೆದರಿಸಿದೆ ಅಂದ ಮೇಲೆ ಇನ್ನೇನು ಬೇಕು!”

ಮಂದಾಕಿನಿ ವೈರು ಕಿತ್ತಳು. ಟೀವಿಯನ್ನು ಮೇಜಿನಿಂದ ನೂಕಿದಳು. ಗಾಜು ಒಡೆದ ಸದ್ದಿಗೆ ಜನ ಚದುರಿದರು. ಅವಳು ಮನೆಗೆ ಓಡಿ ಬಂದು ನೋಡಿದರೆ ಮಾವಶಿಯ ಬಾಯಿ ಹಾಗೇ ಇತ್ತು. ನಾಲಿಗೆ ಒಣಗಿ ಗಂಟಲಲ್ಲಿ ಕಟಕಟ ಎನ್ನುತ್ತಿತ್ತು.

ಕೂಕಟ್‌ಪಲ್ಲಿಯಲ್ಲಿ ಶಿವದೇವಿ ಬಾಗಿಲು ತೆರೆದವಳೇ ಅವಳ ಮುಖ ನೋಡಿ ಎಲ್ಲ ತಿಳಿದುಕೊಂಡಳು. “ಹಾಕಿದಿ. ಮೂರನೇದೂ ಹಾಕಿದಿ. ಯಾರ ಬಟ್ಟಿ?”

ಮಂದಾಕಿನಿ ಹೇಳಿದಳು. ಶಿವದೇವಿ ಅವಳ ಕೆನ್ನೆಗೆ ಬಾರಿಸಿದಳು. ಆಮೇಲೆ ಹೊಸ್ತಿಲ ಮೇಲೆ ಕೂತಳು.

“ತಪ್ಪು ನಂದೂ ಐತಿ. ಮಾರಿ ತೋರಸೂ ಆಸೆಕ್ಕ ಬಂದು ಕುಂತ್ನಿ. ಅವತ್ತ ನಾ ಎದ್ದ ಹೋಗಬೇಕಿತ್ತು.” ಮಂದಾಕಿನಿಯನ್ನು ಎದುರಿಗೆ ಕೂರಿಸಿಕೊಂಡಳು. “ಗೊಂಬಿ ಎಲ್ಲೈತಿ? ಗಂಟು ಹಾಕಿದ ಬಾಯೇ ಬಿಚ್ಚಬೇಕು. ಕೈ ಹಚ್ಚಂಗಿಲ್ಲ, ಹಲ್ಲೀಲೆ. ಅದನ್ನೂ ಕ್ಯಾಮೆರಾದಾಗ ಹಿಡಿರಿ. ಕಟ್ಟಿದ್ದು ನೋಡಿದವ್ರೆಲ್ಲ ಬಿಚ್ಚಿದ್ದೂ ನೋಡಬೇಕು. ಆದ್ರ ತಿಳಕೋ, ಮೂರೂ ಬಿದ್ದ ಮ್ಯಾಲೆ ಬಿಚ್ಚಿದ್ದು ಬಿಚ್ಚಿದವರಿಗೆ ಬರತೈತಿ. ಮುಂದ ಆ ಆಟ ನಡೆದಾಗೆಲ್ಲ ನಿನ್ನ ಬಾಯಿ ಕಟ್ಟತೈತಿ, ಬಿಚ್ಚೂದು ತೋರಿಸಿದ್ರ ಬಿಚ್ಚತೈತಿ. ಮಾತು ಮಾತ್ರ ತಿರುಗಿ ಬರಂಗಿಲ್ಲ. ಅದು ಬಿಚ್ಚಿದ್ದರ ಕೂಲಿ.”

“ಬರಲಿ,” ಎಂದಳು ಮಂದಾಕಿನಿ.

ಬೆಳಗಾಗುತ್ತಲೇ ವೈಜನಾಥ ಕಾಲೇಜಿನ ಕಪಾಟು ತೆಗೆಸಿ ಗೊಂಬೆಯನ್ನು ಅದೇ ಗೋದಾಮಿಗೆ ತಂದ. ಗೋದಾಮಿನ ಕಿಟಕಿಗೆ ಬಡಿದ ಕಪ್ಪು ಬಟ್ಟೆಯನ್ನು ಅವರು ಎಂದೋ ಬಿಚ್ಚಿಕೊಂಡು ಹೋಗಿದ್ದರು. ಕಿಟಕಿಗಳು ಬರಿದಾಗಿದ್ದವು. ಹೊರಗೆ ಬಿಸಿಲಿತ್ತು. ಒಳಗೆ ಕತ್ತಲೆ ಹಾಗೇ ಇತ್ತು.

“ಮಂದಾ, ಬ್ಯಾಡ. ಹೋಗೂಣು.” ವೈಜನಾಥ ಬಾಗಿಲಲ್ಲೇ ನಿಂತ.

“ಕ್ಯಾಮೆರಾ ಹಚ್ಚು. ಏನಾದ್ರೂ ಬಂದ್ ಮಾಡಬ್ಯಾಡ.”

ಗೊಂಬೆಯ ಬಾಯಿಯ ಸುತ್ತ ದಾರ ಒಳಕ್ಕೆ ಇಳಿದುಹೋಗಿತ್ತು. ನೀಲಿ ಪಟ್ಟಿ ಒದ್ದೆಯಾಗಿತ್ತು, ಈಗಷ್ಟೇ ಬಾಯಿ ಒರೆಸಿದ ಹಾಗೆ ಬೆಚ್ಚಗಿತ್ತು. ಅವಳು ಬಗ್ಗಿ ಮೂರನೆಯ ಗಂಟಿಗೆ ಹಲ್ಲು ಹಾಕಿದಳು. ಎಲೆಯಡಿಕೆಯ ರುಚಿ. ಚಂದನದ ಸಾಬೂನು. ಅದರ ಹಿಂದೆ ಹಸಿ ರಕ್ತ. ಎಳೆದಳು. ದಾರ ತಿರುಗಿ ಎಳೆಯಿತು. ಗೊಂಬೆಯೊಳಗಿಂದ ಯಾರೋ ಎಳೆದರು. ಹಲ್ಲು ಅಲುಗಿತು. ಬಿಡಲಿಲ್ಲ. ಕಣ್ಣು ಕತ್ತಲಿಟ್ಟಿತು. ಬಿಡಲಿಲ್ಲ. ಸರ್ರ್.

ಬಿಚ್ಚಿತು. ನಾಂಪಲ್ಲಿಯಲ್ಲಿ ಮಾವಶಿ ಆ ಕ್ಷಣ ಬಾಯಿ ತೆರೆದು ಒಂದು ಚೊಂಬು ನೀರು ಗಟಗಟ ಕುಡಿದಳೆಂದು ಪಕ್ಕದ ಮನೆಯವರು ಆಮೇಲೆ ಹೇಳಿದರು.

ಎರಡನೆಯದು. ಮುಂದಿನ ಹಲ್ಲು ಮುರಿಯಿತು. ಚೂರು ಗಂಟಲಿಗೆ ಹೋಯಿತು. ಕೆಮ್ಮಿದಳು. ಎಳೆದಳು. ಕತ್ತಲೆಯಲ್ಲಿ ಏನೋ ಅವಳ ಕಿವಿಯ ಹತ್ತಿರ ಅಗಿಯುತ್ತಿತ್ತು. ಬಿಚ್ಚಿತು.

ಮೊದಲನೆಯದು. ಆಡೋ ಬಾಯಿ. ಕಚ್ಚುವ ಮೊದಲು ಅವಳು ತಲೆ ಎತ್ತಿದಳು. ಕೊನೆಯದಾಗಿ ಏನು ಹೇಳಬೇಕು? ಎಷ್ಟೋ ಇತ್ತು. ಆ ಮನುಷ್ಯನಿಗೆ ಹೇಳಬೇಕಾದದ್ದೇ ಒಂದು ಗಾಡಿಯಷ್ಟಿತ್ತು. ಅವನ ಹೆಸರಿಗೆ ಇನ್ನು ಒಂದು ಮಾತನ್ನೂ ಕೊಡಲಾರೆ ಎನ್ನಿಸಿತು.

“ಮಾವಶಿ,” ಎಂದಳು. ಅಷ್ಟೇ. ಹಲ್ಲು ಹಾಕಿದಳು. ಎಳೆದಳು. ಬಿಚ್ಚಿತು.

ಕಿಟಕಿಗಳಿಂದ ಬಿಸಿಲು ಧುಮುಕಿ ಒಳಬಂತು. ಗೊಂಬೆ ಬರೀ ಚಿಂದಿಯಾಗಿ ಬಿದ್ದಿತ್ತು. ಮಂದಾಕಿನಿ ಬಾಯಿ ತೆರೆದಳು, ರಕ್ತ ಬಂತು, ದನಿ ಬರಲಿಲ್ಲ. ವೈಜನಾಥ ಕ್ಯಾಮೆರಾ ಹಿಡಿದುಕೊಂಡೇ ಅಳುತ್ತಿದ್ದ.

ಬಿಚ್ಚುವ ದೃಶ್ಯ ಸೇರಿಸಿ ಹೊಸ ಪ್ರತಿ ಮಾಡಿ, ಹಳೆಯದು ಹೋದಲ್ಲಿಗೆಲ್ಲ, ಸರ್ ಅವರಿಗೂ, ಕಳಿಸಿದರು. ಹಳೆಯ ಡಿವಿಡಿಗಳಿಗಾಗಿ ವೈಜನಾಥ ಕಾಲೇಜು ಕಾಲೇಜು ಅಲೆದ, ಕೇಳಿ ತಂದ, ಜಗಳ ಮಾಡಿ ತಂದ, ಒಂದೆರಡನ್ನು ಕದ್ದೂ ತಂದ. ಎಲ್ಲವನ್ನೂ ಮಂದಾಕಿನಿ ಒಳಕಲ್ಲಿನ ಗುಂಡಿನಿಂದ ಜಜ್ಜಿದಳು. ಎಲ್ಲಾದರೂ ಯಾರಾದರೂ ಹೊಸ ಪ್ರತಿ ಹಾಕಿದರೆ ಅವಳ ಬಾಯಿ ಎರಡು ನಿಮಿಷ ಕಚ್ಚಿಕೊಳ್ಳುತ್ತಿತ್ತು, ಆಮೇಲೆ ಬಿಡುತ್ತಿತ್ತು. ಅದಕ್ಕೆ ಅವಳು ಒಗ್ಗಿಕೊಂಡಳು. ಟೀವಿ ಒಡೆದದ್ದಕ್ಕೆ ಕಾಲೇಜಿನಿಂದ ಹೊರಗೆ ಹಾಕಿದ್ದರು, ಅದಕ್ಕೂ ಒಗ್ಗಿಕೊಂಡಳು. ಮಾವಶಿ ಮೈಕಿನ ಮುಂದೆ ಮರಳಿ ಕೂತಳು. ಗಲ್ಲಿಯ ಮೇಲೆ ಅವಳ ದನಿ ತೇಲಿ ಬಂದಾಗ ಮಂದಾಕಿನಿ ಕೆಲಸ ನಿಲ್ಲಿಸಿ ಕೇಳುತ್ತಿದ್ದಳು. ಮನೆಗೆ ಬಂದ ಮಾವಶಿ ಇಬ್ಬರ ಪಾಲಿನ ಮಾತನ್ನೂ ತಾನೇ ಆಡುತ್ತಿದ್ದಳು. ಆ ಸೆರಗಿನ ವಿಷಯ ಮಾತ್ರ ಒಂದು ದಿನವೂ ಎತ್ತಲಿಲ್ಲ.

ಏಪ್ರಿಲಿನ ಒಂದು ಮಧ್ಯಾಹ್ನ, ಮಾವಶಿ ಸ್ಟೇಷನ್ನಿನಲ್ಲಿದ್ದಾಗ, ಮನೆಯ ಫೋನು ರಿಂಗಾಯಿತು. ಎತ್ತಿದಳು.

“ಮಂದಾಕಿನೀನಾ? ಗಂಟಲು ಇನ್ನೂ ಸರಿಹೋಗಲಿಲ್ಲವಂತೆ? ಪರವಾಗಿಲ್ಲ, ಕೇಳಿಸಿಕೊಂಡರೆ ಸಾಕು.” ಜಯತೀರ್ಥ ಸರ್. ತುಟಿಗೆ ಬಟ್ಟೆ ಒತ್ತಿಕೊಂಡ ಸದ್ದು. “ಒಳ್ಳೆ ಸುದ್ದಿ. ನಮ್ಮ ಓಪನಿಂಗು ಇಡೀ ಆಂಧ್ರಪ್ರದೇಶದ ಮೀಡಿಯಾ ಕಾಲೇಜುಗಳಿಗೆ ಪಾಠಕ್ಕೆ ಆಯ್ಕೆ ಆಗಿದೆ. ಪ್ರತಿಗಳು ನಿನ್ನೆಯೇ ಹೊರಟವು. ಟೀವಿ ವಿಷಯ ನಾನು ಮರೆತಿದ್ದೀನಿ, ನೀನೂ ಮರೆತುಬಿಡು.”

ಅವಳು ಫೋನನ್ನು ಕಿವಿಗೆ ಒತ್ತಿ ಹಿಡಿದಳು.

“ಆ ಕೊನೆಯಲ್ಲಿ ನೀನು ಸೇರಿಸಿದ್ದೀಯಲ್ಲ, ಹಲ್ಲಿಂದ ಬಿಚ್ಚೋದು, ಅದು ತುಂಬಾ ಎಳೆದ ಹಾಗಿತ್ತು ಅಮ್ಮಾ. ಕತ್ತರಿಸಿಬಿಟ್ಟೆ. ಈಗ ನೋಡು, ಮೂರನೇ ಗಂಟಿಗೆ ಕಟ್! ಓಪನಿಂಗಿಗೆ ಕೊನೆ ಯಾಕೆ ಬೇಕು?”

ಬೇಡ ಎನ್ನಬೇಕು. ಚೀರಬೇಕು. ಬಾಯಿ ತೆರೆದಳು. ಬರೀ ಗಾಳಿ.

“ಈಗ ಕ್ಲಾಸಿನಲ್ಲೇ ಇದ್ದೀನಿ. ಹಾಕ್ತಾ ಇದ್ದೀನಿ, ಕೇಳು. ನಿನ್ನ ದನಿ ಎಷ್ಟು ಚೆನ್ನಾಗಿ ಬಂದಿದೆ ಗೊತ್ತಾ!”

ಕುರ್ಚಿಗಳ ಸದ್ದು. ಪರದೆ ಎಳೆದ ಸದ್ದು. ಫೋನಿನೊಳಗಿಂದ ಕರ್ಪೂರದ ಹೊಗೆ ಬಂದಂತಾಯಿತು. ಆಮೇಲೆ ಅವಳದೇ ರಾಯಚೂರು ಬಾಯಿ, ಸ್ಪಷ್ಟವಾಗಿ, ಮೈಯೆಲ್ಲ ಉರಿದುಕೊಂಡು ಹೇಳಿತು:

ಆಡೋ ಬಾಯಿ ಕಟ್ಟೀನಿ.

ಫೋನು ಕೈಜಾರಿತು. ಅವಳು ಅಡುಗೆಮನೆಗೆ ಓಡಿದಳು.

ಉಣ್ಣೋ ಬಾಯಿ ಕಟ್ಟೀನಿ.

ದವಡೆ ಕಚ್ಚತೊಡಗಿತು. ಕೊಡ ಎತ್ತಿದಳು. ಬಗ್ಗಿಸಿಕೊಂಡಳು. ಮೂಗಿಗೆ ಹೋಯಿತು, ಮೈಮೇಲೆ ಚೆಲ್ಲಿತು, ಬಿಡಲಿಲ್ಲ. ಗಲ್ಲಿಯ ಮೇಲೆ ಮಾವಶಿಯ ದನಿ ತಣ್ಣಗೆ ಇಳಿಯುತ್ತಿತ್ತು, ಯಾವುದೋ ಗಾಡಿ ತಡವಾಗಿದೆ ಎಂದು. ಮಂದಾಕಿನಿ ಕುಡಿದಳು. ಮೂರನೆಯ ಮಾತು ಬರುವುದರೊಳಗೆ ಎಷ್ಟು ಸಾಧ್ಯವೋ ಅಷ್ಟು ನೀರು ಕುಡಿದಳು.